ಮೂವರು ಒಟ್ಟಿಗೆ ಮೈಮೇಲೆ ಬಂದಾಗ: ಕಾಲು ಮೊದಲು, ಕೈ ಆಮೇಲೆ

ಕರಾಟೆ, ಬಾಕ್ಸಿಂಗ್, ಜೂಡೋ, ಕುಸ್ತಿ, ಮುವಾಯ್ ಥಾಯ್, ಯಾವುದನ್ನೇ ಕಲಿತಿರಲಿ, ಅಭ್ಯಾಸದ ಬಹುಪಾಲು ನಡೆಯುವುದು ಒಬ್ಬರೆದುರು ಒಬ್ಬರು ನಿಂತು. ಹೀಗೆ ಪಳಗಿದ ಮೈಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ: ಎದುರಿಗಿರುವವನನ್ನು ಮುಗಿಸಿದರೆ ಕೆಲಸ ಮುಗಿಯಿತು ಅಂತ. ಬೀದಿಯಲ್ಲಿ ಗುಂಪು ಮೇಲೆ ಬಿದ್ದಾಗ ಕೈಕೊಡುವುದು ಇದೇ. ಕಣ್ಣು ಎದುರಿನವನ ಮೇಲೆ ನೆಟ್ಟಿರುತ್ತದೆ, ಏಟು ಪಕ್ಕದಿಂದ ಕಿವಿಯ ಹಿಂದಕ್ಕೆ ಬೀಳುತ್ತದೆ. ಎಂಥ ಒಳ್ಳೆಯ ಗುದ್ದು ಇದ್ದವರೂ ಹೀಗೆ ಉರುಳುತ್ತಾರೆ.

ಹಾಗಂತ ಕಲಿತದ್ದು ದಂಡ ಎನ್ನುತ್ತಿಲ್ಲ. ಸಮತೋಲ, ಅಂತರದ ಅಂದಾಜು, ಏಟು ತಿಂದರೂ ಕಣ್ಣು ಮುಚ್ಚದ ಅಭ್ಯಾಸ, ಬಿದ್ದರೆ ತಲೆ ನೆಲಕ್ಕೆ ಬಡಿಯದಂತೆ ಬೀಳುವುದು, ಇವೆಲ್ಲ ಗುಂಪಿನೆದುರೂ ಕೆಲಸಕ್ಕೆ ಬರುತ್ತವೆ. ಬದಲಾಗಬೇಕಾದ್ದು ಗುರಿ. ಮೂವರೆದುರು ಗೆಲ್ಲುವುದೆಂದರೆ ಮೂವರನ್ನೂ ಕೆಡವುವುದಲ್ಲ, ಬೀಳದೆ ಅಲ್ಲಿಂದ ಹೊರಬರುವುದು. ಗುದ್ದು, ಒದೆ, ತಳ್ಳು ಎಲ್ಲವೂ ದಾರಿ ಬಿಡಿಸಿಕೊಳ್ಳುವ ಉಪಕರಣಗಳು, ಅಷ್ಟೇ.

ಕ್ಯೊಕುಶಿನ್ ಕರಾಟೆಯಲ್ಲಿ ನೂರು ಜನರ ಕುಮಿತೆ, ಅಂದರೆ ನೂರು ಎದುರಾಳಿಗಳೊಡನೆ ಕಾದಾಟ, ಎಂಬ ಕಠಿಣ ಪರೀಕ್ಷೆ ಇದೆ. ಅದನ್ನು ಮುಗಿಸಿದವರ ಸಹನಶಕ್ತಿಗೆ ಕೈ ಮುಗಿಯಲೇಬೇಕು. ಆದರೆ ಅಲ್ಲಿಯೂ ನೂರು ಜನ ಬರುವುದು ಒಬ್ಬರಾದ ಮೇಲೆ ಒಬ್ಬರು. ಐಕಿಡೋದಲ್ಲಿ ಹಲವರು ಏಕಕಾಲಕ್ಕೆ ನುಗ್ಗುವ ರಂದೋರಿ ಇದೆ. ನಿಂತಲ್ಲೇ ನಿಲ್ಲದೆ ಸರಿದಾಡುವುದನ್ನು ಕಲಿಸಲು ಅದು ಬಹಳ ಚೆನ್ನ. ಕೊರತೆಯೆಂದರೆ ಅಲ್ಲಿ ದಾಳಿ ಮಾಡುವವರು ದೂರದಿಂದ ಪೂರ್ತಿ ಭಾರ ಹಾಕಿ ಓಡಿಬರುತ್ತಾರೆ. ಬೀದಿಯವರು ಹತ್ತಿರ ಬಂದು ಮಾತಾಡುತ್ತ ನಿಂತು ಶುರುಮಾಡುತ್ತಾರೆ.

ಸಂಖ್ಯೆ ಯಾಕೆ ಇಷ್ಟು ಭಾರಿ ಎಂಬುದಕ್ಕೆ ಒಂದು ಹಳೆಯ ಲೆಕ್ಕವಿದೆ. ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಯುದ್ಧದ ಬಗ್ಗೆ ಬರೆಯುತ್ತ ತೋರಿಸಿದ್ದು: ಎಲ್ಲರೂ ಒಟ್ಟಿಗೆ ಒಂದೇ ಗುರಿಯ ಮೇಲೆ ಬೀಳಲು ಆಗುವಾಗ ಪಡೆಯ ಬಲ ಅದರ ಸಂಖ್ಯೆಯ ವರ್ಗದಂತೆ ಏರುತ್ತದೆ, ಹಳೆಗಾಲದ ಕೈಕೈ ಕಾಳಗದಂತೆ ಒಬ್ಬನಿಗೆ ಒಬ್ಬನೇ ಎದುರಾಗುವಾಗ ಸಂಖ್ಯೆಯಷ್ಟೇ ಇರುತ್ತದೆ. ಅವರ ಲೆಕ್ಕ ಸೈನ್ಯಗಳಿಗೆ ಸಂಬಂಧಿಸಿದ್ದು, ಬೀದಿಗೆ ಹಾಗೆಯೇ ಹೊಂದಿಸಲಾಗದು. ತರ್ಕ ಮಾತ್ರ ಕಣ್ಣಿಗೆ ಕಟ್ಟುವಂಥದ್ದು. ಮೂವರ ನಡುವೆ ಸಿಕ್ಕವನ ಪಾಡು 9ಕ್ಕೆ 1. ಮೂವರನ್ನೂ ಒಬ್ಬರ ಹಿಂದೆ ಒಬ್ಬರು ಬರುವಂತೆ ಮಾಡಿದರೆ 3ಕ್ಕೆ 1. ಈ ಎರಡರ ನಡುವಿನ ವ್ಯತ್ಯಾಸ ತರುವುದು ಕಾಲು. ಗುಂಪಿನೆದುರು ಫುಟ್‌ವರ್ಕ್ ಅಂದರೆ ಅವರನ್ನು ಸಾಲಾಗಿಸುವ ಕೆಲಸ.

ಏಟು ಬೀಳುವ ಮೊದಲು

ಗುಂಪು ದಾಳಿ ಸಾಮಾನ್ಯವಾಗಿ ಗುದ್ದಿನಿಂದ ಶುರುವಾಗುವುದಿಲ್ಲ, ಪ್ರಶ್ನೆಯಿಂದ ಶುರುವಾಗುತ್ತದೆ. ಒಬ್ಬ ಸಮಯ ಕೇಳುತ್ತಾನೆ, ಬೆಂಕಿಪೊಟ್ಟಣ ಕೇಳುತ್ತಾನೆ, "ಏನು ಗುರಾಯಿಸ್ತೀಯ" ಅನ್ನುತ್ತಾನೆ. ನೀವು ಉತ್ತರ ಹುಡುಕುವಷ್ಟರಲ್ಲಿ ಉಳಿದಿಬ್ಬರು ಅಕ್ಕಪಕ್ಕಕ್ಕೆ ಸರಿದಿರುತ್ತಾರೆ. ನೋಡಬೇಕಾದ್ದು ಮಾತಾಡುವವನ ಬಾಯಿಯನ್ನಲ್ಲ, ಮಾತಾಡದವರ ಪಾದಗಳನ್ನು. ಯಾರಾದರೂ ನಿಮ್ಮ ಭುಜದ ಗೆರೆ ದಾಟಿ ಹಿಂದಕ್ಕೆ ಹೋಗುತ್ತಿದ್ದರೆ ಮಾತುಕತೆ ಮುಗಿಯಿತೆಂದೇ ತಿಳಿಯಿರಿ. ಸಾಕ್ಷಿಗಳಿದ್ದಾರೆಯೇ ಎಂದು ಸುತ್ತ ಕಣ್ಣಾಡಿಸುವುದು, ತಮ್ಮತಮ್ಮಲ್ಲೇ ನೋಟ ವಿನಿಮಯ, ತೊಡೆಯ ಹಿಂದೆ ಅಡಗಿದ ಕೈ, ಉದ್ದ ಮಾತು ಒಂದೊಂದು ಪದಕ್ಕೆ ಇಳಿಯುವುದು, ಇವೂ ಗುರುತುಗಳೇ. ಇವುಗಳಲ್ಲಿ ಎರಡು ಸೇರಿ ಕಂಡರೆ ಉತ್ತರ ಕೊಡುತ್ತ ನಿಲ್ಲಬೇಡಿ, ಮಾತಾಡುತ್ತಲೇ ಸರಿಯಿರಿ.

ಕೈಗಳು ಆಗ ಎಲ್ಲಿರಬೇಕು? ಎದೆಯ ಮಟ್ಟದಲ್ಲಿ, ಅಂಗೈ ಅವರ ಕಡೆಗೆ ತೆರೆದು, ಮೊಣಕೈ ಪಕ್ಕೆಗೆ ಹತ್ತಿರ. ನೋಡುವವರಿಗೆ "ಬೇಡ ಬಿಡಪ್ಪ" ಎನ್ನುವ ಭಂಗಿ. ಒಳಗೆ ಅದೇ ನಿಮ್ಮ ಗಾರ್ಡ್, ಏಟು ತಡೆಯಲು ಸಿದ್ಧವಾದ ಕೈ. ಬ್ರಿಟನ್ನಿನ ತರಬೇತುದಾರ ಜೆಫ್ ಥಾಂಪ್ಸನ್ ಇದನ್ನು 'ಫೆನ್ಸ್' ಎಂಬ ಹೆಸರಿನಲ್ಲಿ ಪ್ರಸಿದ್ಧಗೊಳಿಸಿದರು. ಪಾದಗಳು ಭುಜದಗಲ, ಒಂದು ಪಾದ ಅರ್ಧ ಹೆಜ್ಜೆ ಹಿಂದೆ, ಮೈ ಸುಮಾರು 45 ಡಿಗ್ರಿ ಓರೆ. ಮುಷ್ಟಿ ಬಿಗಿದು ವರಸೆಗೆ ನಿಲ್ಲುವುದು ಇಲ್ಲಿ ಕೆಟ್ಟ ಆಯ್ಕೆ: ಮೂವರಿಗೂ ಒಟ್ಟಿಗೆ ಶುರುಮಾಡಲು ಸಿಗ್ನಲ್ ಕೊಟ್ಟಂತಾಗುತ್ತದೆ, ನೋಡಿದವರು ನಾಳೆ "ಇವನೇ ಮೊದಲು ಕೈ ಎತ್ತಿದ" ಎನ್ನುತ್ತಾರೆ.

ಅಂತರದ ಬಗ್ಗೆ ಒಂದು ಅಂಕಿ ನೆನಪಿರಲಿ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದದ್ದು: ಆರೋಗ್ಯವಂತ ಮನುಷ್ಯ 21 ಅಡಿ, ಅಂದರೆ ಸುಮಾರು 6.4 ಮೀಟರ್ ದೂರವನ್ನು ಹತ್ತಿರ ಹತ್ತಿರ 1.5 ಸೆಕೆಂಡಿನಲ್ಲಿ ಓಡಿ ಮುಗಿಸುತ್ತಾನೆ. ಇದು ಬಂದೂಕು ಹೊರತೆಗೆಯುವ ಸಮಯದ ಚರ್ಚೆಯಲ್ಲಿ ಬಂದ ಮಾತು. ನಮಗೆ ಬೇಕಾದ ಸಾರ: ನಾಲ್ಕೈದು ಹೆಜ್ಜೆ ದೂರ ಕಣ್ಣಿಗೆ ಕಾಣುವಷ್ಟು ಸುರಕ್ಷಿತವಲ್ಲ. ಓಡಲು ಒಳ್ಳೆಯ ಸಮಯ ಅವರು ಇನ್ನೂ 10 ಮೀಟರ್ ದೂರ ಇರುವಾಗಲೇ. ಆ ಹೊತ್ತಿಗೆ ಓಡಿದರೆ ಮಾನ ಹೋಗುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಫೋನು, ಪರ್ಸು ಕೇಳಿದರೆ ಅವರ ಪಕ್ಕಕ್ಕೆ ಎಸೆದು ವಿರುದ್ಧ ದಿಕ್ಕಿಗೆ ಹೋಗಿ. ಕೈಗೆ ಕೊಡಲು ಹತ್ತಿರ ಹೋಗಬೇಡಿ.

ಹೊರಭುಜದ ಹೆಜ್ಜೆ

ಓಡಲು ದಾರಿ ಇಲ್ಲ, ಮೂವರೂ ಅರ್ಧವೃತ್ತದಲ್ಲಿ ನಿಂತಿದ್ದಾರೆ ಎಂದುಕೊಳ್ಳಿ. ಒಬ್ಬ ಎಡಕ್ಕೆ, ಒಬ್ಬ ನಡುವೆ, ಒಬ್ಬ ಬಲಕ್ಕೆ. ನಡುವಿನವನೇ ಜಾಸ್ತಿ ಕೂಗಾಡುತ್ತಾನೆ, ಮನಸ್ಸು ಅವನತ್ತಲೇ ಎಳೆಯುತ್ತದೆ. ಅವನತ್ತ ಹೋದಿರೋ, ಇಬ್ಬರು ನಿಮ್ಮ ಎರಡೂ ಕಿವಿಗಳ ಪಕ್ಕ ಬಂದರು. ಹಿಂದಕ್ಕೆ ನೆಟ್ಟಗೆ ಸರಿದರೆ ಅವರ ವೃತ್ತ ಮುಂದೆ ಬರುತ್ತದೆ, ನಿಮ್ಮ ಹಿಮ್ಮಡಿ ಯಾವುದಕ್ಕೋ ತಾಗುತ್ತದೆ. ಹೋಗಬೇಕಾದ್ದು ತುದಿಯವನ ಹೊರಭುಜದ ಕಡೆಗೆ, ಅಂದರೆ ಗೆಳೆಯರಿಂದ ದೂರವಿರುವ ಭುಜದ ಕಡೆಗೆ.

ಬಲತುದಿಯವನನ್ನು ತೆಗೆದುಕೊಳ್ಳೋಣ. ನಿಮ್ಮ ಬಲಗಾಲು ಮೊದಲು, ಮುಂದಕ್ಕೂ ಬಲಕ್ಕೂ ಓರೆಯಾಗಿ, ಒಂದು ದೊಡ್ಡ ಹೆಜ್ಜೆ. ಎಡಗಾಲು ಜಾರಿದಂತೆ ಹಿಂಬಾಲಿಸಲಿ. ಪಾದಗಳು ಒಂದಕ್ಕೊಂದು ಕತ್ತರಿಯಾಗಬಾರದು. ಹೆಜ್ಜೆ ಇಡುವಾಗಲೇ ನಿಮ್ಮ ಎಡ ಅಂಗೈ ಅವನ ಎಡತೋಳಿನ ಮೇಲ್ಭಾಗಕ್ಕೆ, ಮೊಣಕೈಗಿಂತ ನಾಲ್ಕು ಬೆರಳು ಮೇಲೆ, ಒತ್ತಿ ಕೂರಲಿ. ಈಗ ನೀವು ಅವನ ಎಡಭುಜದ ಆಚೆ ಇದ್ದೀರಿ. ಅವನ ಬಲಗೈ ನಿಮಗೆ ತಲುಪಬೇಕಾದರೆ ಅವನು ಪೂರ್ತಿ ತಿರುಗಬೇಕು, ಅವನ ಇಬ್ಬರು ಗೆಳೆಯರು ನಿಮ್ಮನ್ನು ಮುಟ್ಟಬೇಕಾದರೆ ಅವನನ್ನು ಬಳಸಿಕೊಂಡು ಬರಬೇಕು. ಈ ಕ್ಷಣದಲ್ಲಿ ಎರಡೂ ಅಂಗೈ ಅವನ ತೋಳು ಮತ್ತು ಸೊಂಟಕ್ಕೆ ಇಟ್ಟು, ಮಂಡಿ ಮಡಿಸಿ, ಗೆಳೆಯರ ಕಡೆಗೆ ನೂಕಿ. ಎದೆಗೆ ಕೈಯಿಟ್ಟು ನೂಕಿದರೆ ಅವನು ಹಿಂದೆ ಹೆಜ್ಜೆಯಿಟ್ಟು ತಡೆದುಕೊಳ್ಳುತ್ತಾನೆ. ಪಕ್ಕದಿಂದ ಸೊಂಟ ನೂಕಿದರೆ ಕಾಲು ಕಾಲಿಗೆ ತೊಡರುತ್ತದೆ. ಉಳಿದವರು ಅವನನ್ನು ಸುತ್ತಿ ಬರುವಷ್ಟರಲ್ಲಿ ನಿಮಗೆ ಸಿಗುವುದು ಒಂದೆರಡು ಸೆಕೆಂಡು. ಅವನ ಹಿಂದಿನ ಖಾಲಿ ಜಾಗವೇ ನಿಮ್ಮ ದಾರಿ.

ಇಲ್ಲಿ ಹೆಚ್ಚಿನವರು ತಪ್ಪುವುದು ಎರಡು ಕಡೆ. ಮೊದಲನೆಯದು, ಹೆಜ್ಜೆ ಬರೀ ಪಕ್ಕಕ್ಕೆ ಬೀಳುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಆಗ ಅವನ ಭುಜ ದಾಟುವುದೇ ಇಲ್ಲ, ಅವನ ಗುದ್ದಿಗೆ ಸರಿಯಾದ ಅಂತರದಲ್ಲಿ ನಿಂತಿರುತ್ತೀರಿ. ಎರಡನೆಯದು ಹೆಜ್ಜೆ, ಏಟು ಎಲ್ಲ ಸರಿಯಾಗಿ ಬಂದ ಮೇಲೆ ಆಗುವುದು: ಏಟು ತಾಗಿದ ಖುಷಿಗೆ ಅಲ್ಲೇ ನಿಂತು ಎರಡನೇ, ಮೂರನೇ ಏಟಿಗೆ ಕೈ ಹಾಕುತ್ತಾರೆ. ಜಿಮ್ಮಿನಲ್ಲಿ ಪ್ಯಾಡ್‌ಗೆ ಹೊಡೆದು ಕಲಿತ ಕಾಂಬಿನೇಶನ್, ಅಂದರೆ ಏಟಿನ ಮೇಲೆ ಏಟಿನ ಸರಣಿ, ಇಲ್ಲಿ ಶತ್ರು. ಒಂದು ಏಟು, ಹೆಜ್ಜೆ, ತಲೆ ತಿರುಗಿಸಿ ನೋಟ. ಒತ್ತಡದಲ್ಲಿ ಕಣ್ಣಿನ ನೋಟ ಕೊಳವೆಯಂತೆ ಕಿರಿದಾಗುತ್ತದೆ, ಪಕ್ಕದವನ ಕೂಗೂ ಕೇಳದೆ ಹೋಗಬಹುದು. ಕತ್ತು ತಿರುಗಿಸದೆ ಪಕ್ಕದವನು ಕಾಣುವುದಿಲ್ಲ.

ಅಂಗಿ ಹಿಡಿದುಕೊಂಡರೆ? ಹಿಡಿತ ಬಿಡಿಸಲು ಎರಡೂ ಕೈ ಹಾಕಬೇಡಿ, ಮುಖ ಬಯಲಾಗುತ್ತದೆ. ಕಾಲು ನಡೆಯುತ್ತಲೇ ಇರಲಿ, ಒಂದು ಕೈ ತಲೆ ಕಾಯಲಿ, ಸೊಂಟ ತಿರುಗಿಸಿ ಅವನ ಹೆಬ್ಬೆರಳಿನ ಕಡೆಗೆ ಎಳೆಯಿರಿ. ಅಂಗಿ ಹರಿದರೆ ಹರಿಯಲಿ.

ಹಿಂದಿನಿಂದ ತೋಳು ಸೇರಿಸಿ ತಬ್ಬಿ ಹಿಡಿಯುವುದು ಗುಂಪಿನವರ ಮೆಚ್ಚಿನ ಕೆಲಸ, ಯಾಕೆಂದರೆ ಮುಂದಿನವನಿಗೆ ಗುದ್ದಲು ಹದವಾಗುತ್ತದೆ. ತಕ್ಷಣ ಕುಳಿತಂತೆ ಮಂಡಿ ಮಡಿಸಿ ಭಾರ ಇಳಿಸಿ, ಗದ್ದ ಎದೆಗೆ ತನ್ನಿ, ಹಿಡಿದವನನ್ನೂ ಸೇರಿಸಿ ತಿರುಗಿ. ಬಿಡಿಸಿಕೊಳ್ಳುವುದು ಎರಡನೇ ಕೆಲಸ. ಮುಂದಿನವನ ಎದುರಿಗೆ ಹಿಡಿದವನ ಬೆನ್ನು ಬರುವಂತೆ ಮಾಡುವುದು ಮೊದಲನೆಯದು. ಆಮೇಲೆ ಸೊಂಟ ಒಂದು ಪಕ್ಕಕ್ಕೆ ಸರಿಸಿದರೆ ಮೊಣಕೈ ಹೊಟ್ಟೆಗೆ, ಅಂಗೈ ತೊಡೆಸಂದಿಗೆ ತಲುಪುತ್ತದೆ.

ಯಾವ ಏಟು, ಯಾವ ಪಟ್ಟು

ಬರಿಗೈ ಮುಷ್ಟಿಯಲ್ಲಿ ತಲೆಗೆ ಹೊಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಾಕ್ಸಿಂಗ್ ಗ್ಲವ್ ಒಳಗೆ ಸುತ್ತಿದ ಪಟ್ಟಿ ಇರುತ್ತದೆ, ಬೀದಿಯಲ್ಲಿ ಇರುವುದಿಲ್ಲ. ಹಣೆಗೆ ತಾಗಿದರೆ ಕಿರುಬೆರಳಿನ ಬುಡದ ಎಲುಬು, ಅಂದರೆ ಐದನೇ ಮೆಟಕಾರ್ಪಲ್, ಗೆಣ್ಣಿನ ಸ್ವಲ್ಪ ಕೆಳಗೆ ಮುರಿಯಬಹುದು. ವೈದ್ಯರ ಭಾಷೆಯಲ್ಲಿ ಇದರ ಹೆಸರೇ ಬಾಕ್ಸರ್ಸ್ ಫ್ರ್ಯಾಕ್ಚರ್. ಹಲ್ಲಿಗೆ ತಾಗಿ ಗೆಣ್ಣಿನ ಮೇಲೆ ಗಾಯವಾದರೆ ಬಾಯಿಯ ಬ್ಯಾಕ್ಟೀರಿಯಾ ಕೀಲಿನೊಳಕ್ಕೇ ಇಳಿಯಬಹುದು, ಗಾಯ ಎಷ್ಟೇ ಸಣ್ಣದಿರಲಿ ಅದೇ ದಿನ ಆಸ್ಪತ್ರೆ ಕಾಣಬೇಕು. ಅಂಗೈಯ ಬುಡದಿಂದ ಗದ್ದಕ್ಕೆ, ಹತ್ತಿರವಿದ್ದರೆ ಮೊಣಕೈಯಿಂದ. ದೂರವಿದ್ದರೆ ಸೊಂಟದ ಮಟ್ಟಕ್ಕೆ ನೂಕು ಒದೆ, ಮುವಾಯ್ ಥಾಯ್‌ನವರ ಟೀಪ್. ತೊಡೆಗೆ ಕೆಳ ಒದೆಯೂ ಒಳ್ಳೆಯದೇ, ನಿಂತ ಕಾಲು ಜಾರದ ನೆಲವಾದರೆ.

ಇಷ್ಟು ಸಾಕು. 1952ರಲ್ಲಿ ವಿಲಿಯಂ ಹಿಕ್, ಮರುವರ್ಷ ರೇ ಹೈಮನ್ ಪ್ರಯೋಗಗಳಲ್ಲಿ ತೋರಿಸಿದಂತೆ ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ತಡವಾಗುತ್ತದೆ. ಇಪ್ಪತ್ತು ವರಸೆ ಗೊತ್ತಿದ್ದು ಯಾವುದೆಂದು ತಡಕಾಡುವುದಕ್ಕಿಂತ ಮೂರು ಏಟು ಮೈಗೂಡಿರುವುದು ಮೇಲು.

ತಲೆಯೆತ್ತರದ ಒದೆ ಬೇಡ. ಒಂಟಿಕಾಲಲ್ಲಿ ನಿಂತವನನ್ನು ಬೀಳಿಸಲು ಎರಡನೆಯವನ ಬರೀ ತಾಗುವಿಕೆ ಸಾಕು. ಜೂಡೋದಲ್ಲಿ ತಾವೂ ಬಿದ್ದು ಎಸೆಯುವ ತೊಮೊಯೆ ನಾಗೆಯಂಥ ಪಟ್ಟುಗಳು ಬೇಡವೇ ಬೇಡ. ಕಾಲು ಗುಡಿಸುವ ದೆ ಆಶಿ ಬರಾಯ್ ಚೆನ್ನ, ನೀವು ನಿಂತೇ ಇರುತ್ತೀರಿ. ಎದುರಾಳಿಯ ಕಾಲನ್ನು ಹಿಂದಿನಿಂದ ಕಿತ್ತು ಹಿಂದಕ್ಕೆ ಕೆಡವುವ ಓಸೋತೋ ಗಾರಿ ಕೆಲಸ ಮಾಡುತ್ತದೆ, ಆದರೆ ಹಿಂದಕ್ಕೆ ಬಿದ್ದವನ ತಲೆ ಗಟ್ಟಿ ನೆಲಕ್ಕೆ ಬಡಿದರೆ ಜೀವ ಹೋಗಬಹುದು, ಮತ್ತು ಬೀಳುವವನು ನಿಮ್ಮ ಕೊರಳಪಟ್ಟಿ ಹಿಡಿದೇ ಬೀಳುತ್ತಾನೆ. ಕತ್ತು ಬಿಗಿಯುವ ಪಟ್ಟುಗಳು ಚೆನ್ನಾಗಿ ಕೂತರೂ ಎಚ್ಚರ ತಪ್ಪಿಸಲು ಸುಮಾರು 8ರಿಂದ 10 ಸೆಕೆಂಡು ಬೇಕು. ಅಷ್ಟು ಹೊತ್ತು ನಿಮ್ಮ ಎರಡೂ ಕೈ ಒಬ್ಬನಲ್ಲೇ ಸಿಕ್ಕಿರುತ್ತವೆ, ಉಳಿದಿಬ್ಬರ ಕಾಲು ಬಿಡುವಾಗಿರುತ್ತವೆ.

ಮುಖಕ್ಕೆ ಏಟಿನ ಮಳೆ ಶುರುವಾದಾಗ ಒಂದೊಂದನ್ನೇ ತಡೆಯಲು ಹೋಗಬೇಡಿ. ಒಂದು ಅಂಗೈ ಹಣೆಯ ಮೇಲೆ, ಮೊಣಕೈ ಮೂಗಿನ ನೇರಕ್ಕೆ ಮುಂದೆ ಚಾಚಿ; ಇನ್ನೊಂದು ತೋಳು ಕಿವಿಗೆ ಅಪ್ಪಿ, ಅಂಗೈ ಹಿಂದಲೆಯ ಮೇಲೆ. ಗದ್ದ ಒಳಗೆ, ಕಣ್ಣು ತೋಳಿನ ಕೆಳಗಿನ ಸಂದಿಯಲ್ಲಿ ತೆರೆದೇ ಇರಬೇಕು. ಇದೇ ಆಕಾರದಲ್ಲಿ ತುದಿಯವನ ಹೊರಭುಜಕ್ಕೆ ನುಗ್ಗಿ. ಈ ಗೂಡಿನಲ್ಲಿ ನಿಂತಲ್ಲೇ ಕುಗ್ಗಿದರೆ ಹಿಂದಿನಿಂದ ಏಟು ಬೀಳುತ್ತದೆ.

ಗೋಡೆಗೆ ಬೆನ್ನು ಕೊಡಿ ಎಂಬ ಸಲಹೆ ಬಹಳ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಬೆನ್ನು ಕಾಯುತ್ತದೆ ನಿಜ, ಆದರೆ ಸರಿದಾಡುವ ಜಾಗ ಅರ್ಧವಾಗುತ್ತದೆ, ತಲೆ ಗೋಡೆಗೆ ಬಡಿಯುತ್ತದೆ. ನಿಂತ ವಾಹನ, ಕಂಬ, ಬೆಂಚು ಮೇಲು. ಅದನ್ನು ನಡುವೆ ಇಟ್ಟುಕೊಂಡು ಸುತ್ತಿದರೆ ಅವರು ತಾವಾಗಿಯೇ ಸಾಲಾಗುತ್ತಾರೆ. ಬಾಗಿಲ ಸಂದಿ ಒಬ್ಬನನ್ನಷ್ಟೇ ಒಳಬಿಡುತ್ತದೆ, ಹಿಂದೆ ದಾರಿಯಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಚಾಕು ಕಂಡರೆ ಮೇಲಿನದ್ದೆಲ್ಲ ಬಿಟ್ಟು ಓಟ. ಚಾಕು ಹಿಡಿದವನ ಕೈ ಎರಡೂ ಕೈಯಲ್ಲಿ ಹಿಡಿಯುವ ಪಟ್ಟು ಒಬ್ಬನೆದುರೇ ಕಷ್ಟ, ಇನ್ನಿಬ್ಬರಿದ್ದರೆ ಕೈ ಹಿಡಿದ ನೀವೇ ಸಿಕ್ಕಿಬಿದ್ದಂತೆ.

ಬಿದ್ದರೆ

ನೆಲಕ್ಕೆ ಬೀಳುವುದೇ ಗುಂಪು ದಾಳಿಯಲ್ಲಿ ಅತಿ ದೊಡ್ಡ ಅಪಾಯ, ಆದ್ದರಿಂದ ಏಳುವುದನ್ನು ಗುದ್ದಿಗಿಂತ ಹೆಚ್ಚು ಅಭ್ಯಾಸ ಮಾಡಬೇಕು. ಬೀಳುವಾಗ ಗದ್ದ ಎದೆಗೆ ತನ್ನಿ. ಅಂಗೈ ಊರಿ ತಡೆಯಬೇಡಿ, ಮಣಿಕಟ್ಟು ಮುರಿಯುತ್ತದೆ. ಬಿದ್ದೊಡನೆ ಒಂದು ಮಗ್ಗುಲಿಗೆ ಹೊರಳಿ, ಕಾಲು ಹತ್ತಿರದವನ ಕಡೆಗೆ ತಿರುಗಲಿ.

ಬ್ರೆಜಿಲಿಯನ್ ಜಿಯು-ಜಿತ್ಸುವಿನ ಟೆಕ್ನಿಕಲ್ ಸ್ಟ್ಯಾಂಡ್-ಅಪ್ ಹೀಗೆ: ಬಲಗೈ ಸೊಂಟದ ಹಿಂದೆ ನೆಲಕ್ಕೆ, ಬೆರಳು ಹಿಮ್ಮುಖ. ಎಡಪಾದ ನೆಲಕ್ಕೆ ಊರಿ, ಎಡ ಮಂಡಿ ಮೇಲೆ, ಎಡ ಮುಂಗೈ ಮುಖದ ಮುಂದೆ. ಬಲಗಾಲಿನಿಂದ ಬರುವವನ ಮೊಣಕಾಲಿಗೆ ನೂಕು ಒದೆ. ಅವನು ತಡೆದ ಕ್ಷಣ ಬಲಗೈ ಮತ್ತು ಎಡಪಾದದ ಮೇಲೆ ಸೊಂಟ ಎತ್ತಿ, ಬಲಗಾಲನ್ನು ಮೈಯಡಿಯಿಂದ ಹಿಂದಕ್ಕೆ ಸೆಳೆದು, ಕೈಯೂರಿದ ಜಾಗಕ್ಕಿಂತ ಹಿಂದೆ ಇಡಿ. ಈಗ ಎದ್ದು ನಿಲ್ಲುವುದಷ್ಟೇ ಬಾಕಿ. ಕೆಡುವುದು ಬಲಗಾಲನ್ನು ಸೆಳೆಯುವಲ್ಲಿ: ಸೊಂಟ ಸಾಕಷ್ಟು ಏಳದಿದ್ದರೆ ಪಾದ ನೆಲಕ್ಕೆ ಉಜ್ಜಿ ಮಂಡಿಯ ಮೇಲೆ ಕೂರುತ್ತೀರಿ, ಮುಖ ಒದೆಯ ಎತ್ತರಕ್ಕೆ ಸಿಗುತ್ತದೆ. ಎರಡೂ ಕಡೆ ದಿನಕ್ಕೆ ಹತ್ತತ್ತು ಸಲ, ಶೂ ಹಾಕಿ, ದಪ್ಪ ಪ್ಯಾಂಟಿನಲ್ಲಿ.

ಎಲ್ಲ ಕಡೆಯಿಂದ ಒದೆ ಬೀಳುತ್ತಿದ್ದು ಏಳಲಾಗದಿದ್ದರೆ ಮಗ್ಗುಲಾಗಿ ಮುದುಡಿ, ಮೊಣಕೈ ಮಂಡಿಗೆ ತಾಗಿಸಿ, ಎರಡೂ ಕೈ ತಲೆಯ ಹಿಂಭಾಗ ಮುಚ್ಚಿ. ಒದೆಗಳ ನಡುವೆ ಬಿಡುವು ಸಿಕ್ಕೊಡನೆ ಯಾವನದ್ದಾದರೂ ಕಾಲು ತಬ್ಬಿ ಅದರ ಮೇಲೇ ಏರಿ ಏಳಿ.

ಅಭ್ಯಾಸ ಹೇಗೆ

ಇದನ್ನು ಓದಿ ಕಲಿಯಲಾಗದು. 5 ಮೀಟರ್ ಚೌಕ ಗುರುತಿಸಿ, ಒಂದು ಮೂಲೆಯಲ್ಲಿ ಒಂದು ಮೀಟರ್ ಅಗಲದ ಬಾಗಿಲು ಬಿಡಿ. ಇಬ್ಬರು ದಾಳಿಗೆ, ಒಬ್ಬ ಹೊರಬೀಳಲು, ಒಬ್ಬರು ಹೊರಗೆ ನಿಂತು ನಿಲ್ಲಿಸಲು. ಹೊರಬಿದ್ದರೆ ಗೆಲುವು, ಬೇರೆ ಅಂಕ ಇಲ್ಲ. ಮೊದಲ ಹಂತದಲ್ಲಿ ದಾಳಿಯವರು ಭುಜ ಮುಟ್ಟಬೇಕಷ್ಟೇ. ಎರಡನೇ ಹಂತದಲ್ಲಿ ಹಿಡಿಯುವುದು, ನೂಕುವುದು. ಮೂರರಲ್ಲಿ 16 ಔನ್ಸ್ ಗ್ಲವ್, ಹೆಡ್‌ಗಾರ್ಡ್, ಮೌತ್‌ಗಾರ್ಡ್ ಹಾಕಿ ಹಗುರ ಏಟು. ಪ್ರತಿ ಸುತ್ತು 20 ಸೆಕೆಂಡು ಸಾಕು. ಶಕ್ತಿಯೆಲ್ಲ ಒಗ್ಗೂಡಿಸಿ ಹೋರಾಡುವಾಗ ಸ್ನಾಯುಗಳ ತಕ್ಷಣದ ಇಂಧನ, ಫಾಸ್ಫೋಕ್ರಿಯಾಟಿನ್, ಸುಮಾರು 10 ಸೆಕೆಂಡಿಗೆ ಬತ್ತುತ್ತದೆ. ಉಸಿರು ಬಿಗಿಹಿಡಿದವರಿಗೆ ಇನ್ನೂ ಬೇಗ ಕಾಲು ಭಾರವಾಗುತ್ತದೆ. ಹೊರಬಿದ್ದ ಮೇಲೆ ನಿಲ್ಲದೆ 50 ಮೀಟರ್ ಓಟವನ್ನೂ ಸೇರಿಸಿ, ಯಾಕೆಂದರೆ ಬೀದಿಯಲ್ಲಿ ಕೆಲಸ ಮುಗಿಯುವುದು ಅಲ್ಲಿಯೇ.

ಈ ಆಟ ಹಾಳಾಗುವುದು ದಾಳಿಯವರ ಸೌಜನ್ಯದಿಂದ. ಸಿನಿಮಾದಲ್ಲಿದ್ದಂತೆ ಒಬ್ಬ ಹೊಡೆಯುವಾಗ ಇನ್ನೊಬ್ಬ ಕಾಯುತ್ತಾನೆ. ಇಬ್ಬರಿಗೂ ಕಟ್ಟುನಿಟ್ಟಾಗಿ ಹೇಳಿ: ಒಟ್ಟಿಗೆ ಬನ್ನಿ, ಒಬ್ಬ ಹಿಡಿದುಕೊಳ್ಳಲು, ಒಬ್ಬ ಹೊಡೆಯಲು. ಎರಡು ವಾರದ ನಂತರ ಶುರುವಿನ ಸ್ಥಿತಿಯನ್ನು ಕೆಡಿಸಿ: ಕಣ್ಣು ಮುಚ್ಚಿ ನಿಲ್ಲಿಸಿ, ಹೆಗಲಿಗೆ ಬ್ಯಾಗು ಹಾಕಿ, ಬೆಳಕು ತಗ್ಗಿಸಿ, ನೆಲದ ಮೇಲೆ ಕೂರಿಸಿ. ಜೊತೆಗೊಬ್ಬರನ್ನು ಕರೆದೊಯ್ಯುವ ಸುತ್ತೂ ಇರಲಿ. ಅವರನ್ನು ಹಿಂದೆ ಎಳೆಯುವುದಲ್ಲ, ಬೆನ್ನಿಗೆ ಕೈಯಿಟ್ಟು ಬಾಗಿಲ ಕಡೆಗೆ ಮುಂದೆ ತಳ್ಳುವುದು.

ಹೊರಬಿದ್ದ ಮೇಲೆ

ಬೆಳಕು, ಜನ ಇರುವ ಕಡೆಗೆ ಓಡಿ. ಕೂಗುವಾಗ "ಕಾಪಾಡಿ" ಎನ್ನುವುದಕ್ಕಿಂತ ಒಬ್ಬರನ್ನೇ ಗುರುತಿಸಿ ಕೂಗಿ: "ನೀಲಿ ಅಂಗಿಯವರೇ, ಪೊಲೀಸರಿಗೆ ಫೋನ್ ಮಾಡಿ". ಬಿದ್ದವನನ್ನು ಒದೆಯಲು ವಾಪಸು ಹೋಗಬೇಡಿ. ಆತ್ಮರಕ್ಷಣೆಯ ಕಾನೂನಿನ ವಿವರ ದೇಶದಿಂದ ದೇಶಕ್ಕೆ ಬೇರೆ, ಆದರೆ ಅಪಾಯ ಸರಿದ ಮೇಲೆ ಕೊಟ್ಟ ಏಟನ್ನು ರಕ್ಷಣೆ ಎಂದು ಸಾಧಿಸುವುದು ಎಲ್ಲೆಡೆಯೂ ಕಷ್ಟ.

ಚಾಕುವಿನ ಇರಿತ ಎಷ್ಟೋ ಸಲ ಬರೀ ಗುದ್ದಿನಂತೆ ಅನಿಸುತ್ತದೆ. ಕತ್ತು, ಕಂಕುಳು, ಹೊಟ್ಟೆ, ಬೆನ್ನು, ತೊಡೆಸಂದಿ ಹೀಗೆ ಕೈಯಾಡಿಸುತ್ತ ಅಂಗೈ ನೋಡಿಕೊಳ್ಳಿ, ರಕ್ತವಿದೆಯೇ ಎಂದು. ರಕ್ತ ಹರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ, ಎತ್ತೆತ್ತಿ ನೋಡಬೇಡಿ. ಒಳಗೆ ಸಿಕ್ಕಿರುವ ಚಾಕು ಕೀಳಬೇಡಿ. ತಲೆಗೆ ಏಟು ಬಿದ್ದಿದ್ದರೆ ಆ ರಾತ್ರಿ ಒಬ್ಬರೇ ಮಲಗಬೇಡಿ. ಮೊದಲು ಚೆನ್ನಾಗಿದ್ದು ಗಂಟೆಗಳ ನಂತರ ಹದಗೆಡುವ ಒಳರಕ್ತಸ್ರಾವ ಉಂಟು. ಏರುತ್ತಲೇ ಹೋಗುವ ತಲೆನೋವು, ಮತ್ತೆಮತ್ತೆ ವಾಂತಿ, ಮಂಪರು, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಅಥವಾ ಕಿವಿಯಿಂದ ತಿಳಿನೀರು, ಯಾವುದೇ ಒಂದು ಕಂಡರೂ ನೇರ ಆಸ್ಪತ್ರೆಗೆ. ಕನ್ಕಶನ್, ಅಂದರೆ ತಲೆಯ ಏಟಿನಿಂದ ಮಿದುಳು ಅಲುಗಿದ ಪೆಟ್ಟು, ಎಂದು ವೈದ್ಯರು ಹೇಳಿದ್ದರೆ ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಹಂತಹಂತವಾಗಿ ನಡಿಗೆ, ಓಟ, ಒಂಟಿ ಅಭ್ಯಾಸ. ವೈದ್ಯರು ಒಪ್ಪುವವರೆಗೆ ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) ಇಳಿಯಬಾರದು, ಮೇಲೆ ಹೇಳಿದ 20 ಸೆಕೆಂಡಿನ ಸುತ್ತಿಗೂ ಇಳಿಯಬಾರದು.